ದೇವರ ಜಗಲಿಯ ಟಿಕೇಟುಗಳು

ಆ ಸೋಮವಾರ ಪ್ಲಾಟ್‌ಫಾರ್ಮಿನ ಮೇಲೆ ಒಂದು ಆಡು ಮಲಗಿತ್ತು. ಕಂದು ಬಣ್ಣ, ಎಡಗಿವಿಯ ತುದಿ ಹರಿದಿತ್ತು, ಹೆಸರಿನ ಹಲಗೆಯ ನೆರಳು ಸರಿದಂತೆಲ್ಲ ಅದೂ ಸರಿದು ಮಲಗುತ್ತಿತ್ತು. ಇಷ್ಟು ಸ್ಪಷ್ಟವಾಗಿ ನೆನಪಿದೆ. ಅದೇ ಸಂಜೆ ಅದೇ ಪ್ಲಾಟ್‌ಫಾರ್ಮಿನಲ್ಲಿ ಐವತ್ತು ಜನ ಗಾಡಿಯಿಂದ ಇಳಿದು, ನನ್ನ ಬೆನ್ನ ಹಿಂದೆಯೇ ಹಾದು ಊರಿಗೆ ಹೋದರು ಎಂದು ಆಮೇಲೆ ಗೊತ್ತಾಯಿತು. ಅವರಲ್ಲಿ ಒಬ್ಬರ ಮುಖವೂ ನೆನಪಿಲ್ಲ. ನನ್ನ ನೆನಪನ್ನು ನಾನು ನಂಬುವುದು ಬಿಟ್ಟದ್ದು ಅಲ್ಲಿಂದ. ಹಾಗಾಗಿ ಇದನ್ನು ಬರೆಯುವಾಗ ಆಗಿನ ಎರಡು ಟಿಪ್ಪಣಿ ಪುಸ್ತಕಗಳನ್ನು ಪಕ್ಕದಲ್ಲಿಟ್ಟುಕೊಂಡಿದ್ದೇನೆ. ಅವುಗಳಲ್ಲಿ ಇಲ್ಲದ್ದನ್ನು ಹೇಳುವಾಗ ಇಲ್ಲ ಎಂದೇ ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ರೈಲ್ವೆಯ ವಾಣಿಜ್ಯ ವಿಭಾಗದಲ್ಲಿ ಇನ್ಸ್‌ಪೆಕ್ಟರ್. ಓದಿದ್ದು ಸಂಖ್ಯಾಶಾಸ್ತ್ರ, ವಿಶ್ವವಿದ್ಯಾಲಯದಿಂದ ಹೊರಬಂದು ಎರಡು ವರ್ಷವಾಗಿತ್ತು. ಎಣಿಸಿದ್ದು ಮಾತ್ರ ನಿಜ, ಉಳಿದದ್ದು ಜನರ ಮಾತು ಎಂಬ ನಂಬಿಕೆ ಗಟ್ಟಿಯಾಗಿತ್ತು. ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿ ಕಡೆಗೆ ಬರುವ ಮೀಟರ್ ಗೇಜ್ ಹಳಿಯ ಮೇಲೆ ಒಂದು ಚಿಕ್ಕ ಸ್ಟೇಷನ್ ಇತ್ತು. ದಾಖಲೆಯಲ್ಲಿ ಅದಕ್ಕೊಂದು ಹೆಸರಿತ್ತು, ಸುತ್ತಲಿನವರು ಮಾತ್ರ ಬೇವಿನಮರದ ಟೇಸನ್ ಎನ್ನುತ್ತಿದ್ದರು. ಒಂದು ಕೋಣೆ, ತಗಡಿನ ಮಾಡು, ಟಿಕೇಟು ಕೊಡುವ ಒಬ್ಬ ಗುಮಾಸ್ತ, ಕೆಂಪು ಹಸಿರು ಬಾವುಟ ಹಿಡಿಯುವ ಒಬ್ಬ ಪಾಯಿಂಟ್ಸ್‌ಮನ್. ಬೆಳಿಗ್ಗೆ ಒಂದು ಗಾಡಿ ಕೊಟ್ಟೂರಿಗೆ ಹೋಗುತ್ತಿತ್ತು, ಸಂಜೆ ಅದೇ ಗಾಡಿ ಹಿಂದಿರುಗುತ್ತಿತ್ತು. ಜನ ಬರುತ್ತಿಲ್ಲ, ಮುಚ್ಚಬಹುದೇ ನೋಡಿ ಎಂದು ನನ್ನನ್ನು ಕಳಿಸಿದರು.

ಏಳು ದಿನ ಟಿಕೇಟು ಕಿಂಡಿಯ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತೆ. ಕೈಯಲ್ಲಿ ಮುದ್ರಿತ ನಮೂನೆ: ತಾರೀಕು, ಗಾಡಿ, ಇಲ್ಲಿ ಮಾರಿದ ಟಿಕೇಟು, ಇಲ್ಲಿ ಹತ್ತಿಸಿದ ಪಾರ್ಸೆಲ್. ದಿನಕ್ಕೆ ಎರಡು ಟಿಕೇಟು, ಮೂರು ಟಿಕೇಟು, ಒಂದು ದಿನ ಒಂದೂ ಇಲ್ಲ. ಸೋಮವಾರ ಒಂದು. ನಾಲ್ಕು ಸಾಲಿನ ವರದಿ ಬರೆದೆ. ಮುಚ್ಚಲು ಆಜ್ಞೆ ಬಂತು. ಮುಚ್ಚುವ ಕೆಲಸವೂ ನನಗೇ ಬಿತ್ತು.

ಸ್ಟೇಷನ್ ಮುಚ್ಚುವುದೆಂದರೆ ಬೀಗ ಹಾಕುವುದಲ್ಲ. ಉಳಿದ ಟಿಕೇಟುಗಳ ಮೊದಲ ಸಂಖ್ಯೆ, ಕೊನೆಯ ಸಂಖ್ಯೆ ಬರೆದು ಕಟ್ಟು ಕಟ್ಟಿ ಅರಗಿನ ಮುದ್ರೆ ಒತ್ತಬೇಕು. ಟಿಕೇಟಿನ ಮೇಲೆ ತಾರೀಕು ಒತ್ತುವ ಯಂತ್ರವನ್ನು ಗೋಣಿಯಲ್ಲಿ ಸುತ್ತಿ ಗಾರ್ಡಿನ ಡಬ್ಬಿಗೆ ಏರಿಸಬೇಕು. ಗೋಡೆ ಗಡಿಯಾರ, ಕೈದೀಪ, ಬಾವುಟ, ಎಲ್ಲದಕ್ಕೂ ಸಹಿ. ಪಾಯಿಂಟ್ಸ್‌ಮನ್ ಒಂದೊಂದನ್ನೇ ತಂದು ನನ್ನ ಮುಂದಿಟ್ಟ. ಆ ಊರಿನವನೇ, ನಿವೃತ್ತಿಗೆ ಹತ್ತಿರವಿದ್ದ. ಅವನನ್ನು ಮುಂದಿನ ಸ್ಟೇಷನ್ನಿಗೆ ಹಾಕಿದ್ದರು. ಕೊನೆಗೆ, ಹೆಸರಿನ ಹಲಗೆ ಕೀಳಬೇಕೇ ಎಂದು ಕೇಳಿದ. ಅದರ ಬಗ್ಗೆ ಆಜ್ಞೆಯಲ್ಲಿ ಏನೂ ಇಲ್ಲ ಎಂದೆ.

“ಹಂಗಾರ ಇರ್ಲಿ ಬಿಡ್ರಿ. ಹೆಸರು ಇದ್ರ ಊರು ಐತಿ ಅಂತನಾರ ತಿಳಿತೈತಿ,” ಎಂದ.

ಒಂದು ವರ್ಷ ಕಳೆದ ಮೇಲೆ ಹೆಬ್ಬೆಟ್ಟಿನ ಗುರುತುಗಳಿಂದ ತುಂಬಿದ ಒಂದು ಅರ್ಜಿ ನಮ್ಮ ಕಚೇರಿಗೆ ಬಂತು. ಆ ಹೊತ್ತಿಗೆ ಅಲ್ಲಿನ ಪಕ್ಕದ ಹಳಿ ಕಿತ್ತು, ಕಟ್ಟಡ ಕೆಡವಿ, ಪ್ಲಾಟ್‌ಫಾರ್ಮಿನ ಕಲ್ಲು ಬೇರೆ ಕಡೆಗೆ ಸಾಗಿಸುವ ಪ್ರಸ್ತಾವ ತಯಾರಾಗಿತ್ತು. ಬೇಸಿಗೆಯಲ್ಲಿ ಕೆಲಸ ಶುರು. ಒಮ್ಮೆ ಕಿತ್ತರೆ ಮತ್ತೆ ತೆರೆಯುವ ಮಾತೇ ಇಲ್ಲ. ಉಳಿಸಬೇಕಾದರೆ ‘ಹಾಲ್ಟ್’ ಮಾಡಬಹುದಿತ್ತು. ಅಂದರೆ ರೈಲ್ವೆ ಸಿಬ್ಬಂದಿ ಇರುವುದಿಲ್ಲ, ಊರಿನ ಒಬ್ಬ ಏಜೆಂಟ್ ಟಿಕೇಟು ಮಾರುತ್ತಾನೆ, ಗಾಡಿ ಎರಡು ನಿಮಿಷ ನಿಲ್ಲುತ್ತದೆ. ಅದಕ್ಕೂ ಜನ ಇದ್ದಾರೆಂದು ತೋರಿಸಬೇಕು. ಮೇಲಧಿಕಾರಿ ಅರ್ಜಿಯನ್ನು ನನ್ನ ಕಡೆ ತಳ್ಳಿ, ಮುಚ್ಚಿಸಿದವರೇ ಒಮ್ಮೆ ನೋಡಿ ಬನ್ನಿ ಎಂದರು.

ಒಂದು ಸೋಮವಾರ ಬೆಳಿಗ್ಗೆ ಹೋದೆ. ನನ್ನ ಪುಸ್ತಕದಲ್ಲಿ ಅಂದಿನ ಮೊದಲ ಸಾಲು: “ಯಾರೂ ಇಲ್ಲ. ಹಲಗೆ ಇದೆ.” ಬೇವಿನ ಮರದ ಕೆಳಗೆ ಒಬ್ಬ ಹೆಂಗಸು ಬದನೆಕಾಯಿ ಬುಟ್ಟಿ ಇಳಿಸಿಕೊಂಡು ದಾರಿಹೋಕರಿಗೆ ಮಾರುತ್ತಿದ್ದಳು. ಅರವತ್ತರ ಹತ್ತಿರದ ವಯಸ್ಸು, ಹಣೆಗೆ ವಿಭೂತಿ, ಸೊಂಟದಲ್ಲಿ ಎಲೆ ಅಡಿಕೆ ಚೀಲ. ನನ್ನ ಕೈಯ ನಮೂನೆ ನೋಡಿದ ಕೂಡಲೇ ಗುರುತು ಹಿಡಿದಳು.

“ನೀವಾ ಅಲ್ಲೇನ್ರಿ, ಏಳು ದಿನ ಕುಂತು ನಮ್ಮನ್ನ ಎಣಿಸಿದೋರು? ಎಷ್ಟು ಮಂದಿ ಸಿಕ್ವಿ ನಿಮಗ?”

ಸೋಮವಾರ ಒಂದೇ ಟಿಕೇಟು ಹೋಗಿತ್ತು ಎಂದೆ. ಅವಳು ನಗಲಿಲ್ಲ. ಸೋಮವಾರ ಕೊಟ್ಟೂರಿಗೆ ಯಾರಾದರೂ ಗಾಡಿಯಲ್ಲಿ ಹೋಗುತ್ತಾರೇನು ಎಂದು ನನ್ನನ್ನೇ ಕೇಳಿದಳು.

“ಸ್ವಾಮಿ ಕಡಿಗಿ ನಡದೇ ಹೋಗಬೇಕ್ರಿ. ಗಾಡ್ಯಾಗ ಕುಂತು ಹೋದ್ರ ಸಂತಿಗಿ ಹೋದಂಗ ಅಕ್ಕೈತಿ. ಬರೂವಾಗ ಮಾತ್ರ ಗಾಡಿ. ಹೋಗಾಕ ಕಾಲು ಅದಾವ, ಬರಾಕ ಇಲ್ಲ.”

ಸುತ್ತಲಿನ ಐದಾರು ಹಳ್ಳಿಗಳ ನೇಮ ಅದು. ಬೆಳಗಿನ ಜಾವ ತಲೆಯ ಮೇಲೆ ತರಕಾರಿ, ಶೇಂಗಾ, ಬೆಣ್ಣೆ ಹೊತ್ತು ಹಳಿ ಪಕ್ಕದ ದಾರಿ ಹಿಡಿದು ಕೊಟ್ಟೂರಿಗೆ ನಡೆಯುವುದು, ಗುಡಿಯಲ್ಲಿ ಸ್ವಾಮಿಗೆ ಕೈಮುಗಿಯುವುದು, ತಂದದ್ದನ್ನು ಮಾರುವುದು, ಸಂಜೆಯ ಗಾಡಿಗೆ ಮರಳುವುದು. ಗಾಡಿ ನಿಲ್ಲುವುದು ಬಿಟ್ಟ ಮೇಲೆ ವಯಸ್ಸಾದವರ ನೇಮ ಒಬ್ಬೊಬ್ಬರದಾಗಿ ಮುರಿಯಿತು. ಅವಳದು ಮದುವೆಯಾಗಿ ಬಂದ ವರ್ಷದಿಂದ ತಪ್ಪದೆ ನಡೆದದ್ದು. ಆರು ತಿಂಗಳ ಹಿಂದೆ ಮರಳಿ ನಡೆದು ಬರುವಾಗ ಮೊಣಕಾಲು ಬಾತು, ಯಾರದೋ ಚಕ್ಕಡಿಯಲ್ಲಿ ಮಲಗಿ ಮನೆ ಸೇರಿದ್ದಳು. ಆಮೇಲೆ ಹೋಗಿಲ್ಲ.

ಈ ನೇಮ ನನಗೆ ಹೊಸದಾಗಿರಬಾರದಿತ್ತು. ನಾನು ಹರಪನಹಳ್ಳಿಯವನು. ನಮ್ಮ ಅಜ್ಜಿಯೂ ವರ್ಷಕ್ಕೊಮ್ಮೆ ಕೊಟ್ಟೂರಿಗೆ ನಡೆದೇ ಹೋಗುತ್ತಿದ್ದಳು, ಒಮ್ಮೆ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗಿದ್ದಳು ಎಂದು ಅಕ್ಕ ಹೇಳುತ್ತಾಳೆ. ನನಗೆ ನೆನಪಿಲ್ಲ. ಗೊತ್ತಿದ್ದೂ ಮರೆತೆನೋ, ಗೊತ್ತೇ ಇರಲಿಲ್ಲವೋ, ಇವತ್ತಿಗೂ ಹೇಳಲಾರೆ. ನನ್ನ ನಮೂನೆಯಲ್ಲಿ ಇಳಿಯುವವರಿಗೆ ಕಾಲಂ ಇರಲಿಲ್ಲ ಎಂಬುದು ಮಾತ್ರ ಖಚಿತ.

ಆದರೂ ನಾನು ಅವಳ ಮಾತನ್ನು ಪೂರ್ತಿ ನಂಬಲಿಲ್ಲ. ಅರ್ಜಿ ಹಾಕಿದವರು ಹತ್ತನ್ನು ಐವತ್ತು ಮಾಡುವುದುಂಟು. ಅಲ್ಲದೆ, ಅಷ್ಟು ಜನ ಬರುತ್ತಿದ್ದರೆ ಕೊಟ್ಟೂರು ಸ್ಟೇಷನ್ನಿನ ಟಿಕೇಟು ಪುಸ್ತಕದಲ್ಲಿ ಇಲ್ಲಿಗೆ ಅಷ್ಟು ಟಿಕೇಟು ಮಾರಿದ್ದು ಕಾಣಬೇಕಲ್ಲ? ಮರುದಿನ ಅಲ್ಲಿಗೆ ಹೋಗಿ ಮುಚ್ಚುವ ಮುಂಚಿನ ಒಂದು ವರ್ಷದ ಪುಸ್ತಕ ತೆಗೆಸಿದೆ. ಬೇವಿನಮರದ ಟೇಸನ್ನಿಗೆ ಮಾರಿದ ಟಿಕೇಟು: ಸೊನ್ನೆ, ಸೊನ್ನೆ, ಸೊನ್ನೆ.

ಒಂದು ರೀತಿಯ ಸಮಾಧಾನವಾಯಿತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನನ್ನ ಲೆಕ್ಕವೇ ಸರಿ ಎಂದು ಪುಸ್ತಕ ಮಡಚುವಷ್ಟರಲ್ಲಿ ಕಿಂಡಿಯ ಗುಮಾಸ್ತರು ಚಹಾ ತರಿಸಿ, ಏನು ಹುಡುಕುತ್ತಿದ್ದೀರಿ ಎಂದು ವಿಚಾರಿಸಿದರು. ಹೇಳಿದೆ.

“ಅಯ್ಯ, ಆ ಟೇಸನ್ನಿನ ಅಚ್ಚಾದ ಟಿಕೇಟು ಮುಗಿದು ಬಾಳ ದಿನಾ ಆಗಿತ್ರಿ. ಹೊಸಾವು ಬರೂತನಾ ಮುಂದಿನ ಸ್ಟೇಷನ್ದು ಕೊಡ್ತಿದ್ವಿ. ಎರಡಕ್ಕೂ ದರ ಒಂದಾ ಐತಲ್ಲ,” ಎಂದರು.

ಅದರಲ್ಲಿ ನಿಯಮ ಮೀರಿದ್ದೇನೂ ಇರಲಿಲ್ಲ. ಸೋಮವಾರದ ನೂಕುನುಗ್ಗಲಿನಲ್ಲಿ ಒಬ್ಬೊಬ್ಬರಿಗೂ ಕಾಗದದ ಟಿಕೇಟು ಬರೆದು ಕೊಡುತ್ತ ಕುಳಿತರೆ ಗಾಡಿ ಹೋಗಿಬಿಡುತ್ತದೆ. ಮುಂದಿನ ಸ್ಟೇಷನ್ನಿನ ಟಿಕೇಟು ಕೊಂಡವರು ಒಂದು ಸ್ಟೇಷನ್ ಮೊದಲೇ ಇಳಿದರೆ ತಡೆಯುವವರಿಲ್ಲ. ಮತ್ತೆ ಪುಸ್ತಕ ತೆರೆದೆ. ಮುಂದಿನ ಸ್ಟೇಷನ್ನಿನ ಸಾಲು ವಾರವಿಡೀ ಸಪ್ಪಗಿದ್ದು ಸೋಮವಾರ ಮಾತ್ರ ಏಕಾಏಕಿ ಏರುತ್ತಿತ್ತು. ಅದೇ ದಿನ ಆ ಸ್ಟೇಷನ್ನಿಗೆ ಹೋಗಿ, ಅಲ್ಲಿ ಇಳಿದವರಿಂದ ತೆಗೆದುಕೊಂಡ ಟಿಕೇಟುಗಳ ದಿನದಿನದ ಪಟ್ಟಿ ನೋಡಿದೆ. ಸೋಮವಾರದ ಏರು ಅಲ್ಲಿ ಇರಲೇ ಇಲ್ಲ. ಕೊಟ್ಟೂರಿನಲ್ಲಿ ಹತ್ತಿದ ನಲವತ್ತು, ಐವತ್ತು ಜನ ಪ್ರತಿ ಸೋಮವಾರ ದಾರಿಯಲ್ಲಿ ಮಾಯವಾಗುತ್ತಿದ್ದರು.

ಅವರು ಎಲ್ಲಿ ಇಳಿದರೆಂದು ನನಗೆ ಗೊತ್ತು. ಆದರೆ ಬೇವಿನಮರದ ಟೇಸನ್ನಿನಲ್ಲಿ ಇಳಿದಿದ್ದರೆ ಅವರ ಟಿಕೇಟು ಅಲ್ಲಿ ಒಪ್ಪಿಸಿರಬೇಕು. ಆ ಸ್ಟೇಷನ್ನಿನಿಂದ ಅಂಥ ಟಿಕೇಟು ತುಂಬಿದ ಚೀಲ ಬಂದ ದಾಖಲೆಯೇ ಇಲ್ಲ. ಮುಂದಿನ ಸ್ಟೇಷನ್ನಿನವರು ಸೋಮವಾರ ಟಿಕೇಟು ತೆಗೆದುಕೊಳ್ಳುವುದರಲ್ಲಿ ಉದಾಸೀನ ಮಾಡಿದ್ದಾರೆ, ಅಷ್ಟೇ, ಎಂದು ಯಾರಾದರೂ ಒಂದು ಸಾಲಿನಲ್ಲಿ ನನ್ನ ವಾದ ಮುಗಿಸಬಹುದಿತ್ತು. ಬೇವಿನಮರದ ಟೇಸನ್ನಿನಲ್ಲಿ ಟಿಕೇಟು ತೆಗೆದುಕೊಳ್ಳಬೇಕಾಗಿದ್ದ ಪಾಯಿಂಟ್ಸ್‌ಮನ್ ಈಗ ಈ ಮುಂದಿನ ಸ್ಟೇಷನ್ನಿನಲ್ಲೇ ಕೆಲಸಕ್ಕಿದ್ದ. ಇಳಿದವರ ಟಿಕೇಟು ಏನು ಮಾಡಿದೆ ಎಂದು ಸ್ವಲ್ಪ ಗಡುಸಾಗಿಯೇ ಕೇಳಿದೆ.

“ತಗೊಂಡಿಲ್ರಿ,” ಎಂದ.

ಯಾಕೆ ಎಂದೆ. ಅವನು ಮೊದಲು ಕಾನೂನು ಹೇಳಿದ. ಟಿಕೇಟಿನ ಮೇಲೆ ಮುಂದಿನ ಸ್ಟೇಷನ್ನಿನ ಹೆಸರಿತ್ತು, ತನ್ನದಲ್ಲದ್ದನ್ನು ತಾನು ಹೇಗೆ ತೆಗೆದುಕೊಳ್ಳಲಿ? ಆಮೇಲೆ ನಿಜವಾದ ಕಾರಣ ಹೇಳಿದ. ಸೋಮವಾರ ಕೊಟ್ಟೂರಿನಿಂದ ಬಂದ ಟಿಕೇಟು ಆ ಜನರಿಗೆ ಟಿಕೇಟಲ್ಲ. ಸ್ವಾಮಿಯ ಸನ್ನಿಧಿಯಿಂದ ಬಂದದ್ದು. ಅದಕ್ಕೆ ವಿಭೂತಿ ಹಚ್ಚಿ ದೇವರ ಜಗಲಿಯ ಮೇಲೆ, ಅಂದರೆ ಮನೆಯೊಳಗೆ ದೇವರನ್ನು ಕೂರಿಸುವ ಕಟ್ಟೆಯ ಮೇಲೆ, ಇಡುತ್ತಾರೆ.

ಪಾಯಿಂಟ್ಸ್‌ಮನ್ನಿನ ಮನೆಯವರು ಬುದ್ಧನ ದಾರಿ ಹಿಡಿದವರು. ಅವನ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿತ್ತು, ಜಗಲಿ ಇರಲಿಲ್ಲ. ನೀನು ಇದನ್ನೆಲ್ಲ ನಂಬುತ್ತೀಯಾ ಎಂದು ಕೇಳಿದೆ.

“ನಾ ನಂಬಾಂಗಿಲ್ರಿ ಸಾಹೇಬ್ರ. ನಂಬೋರ ಕೈಯಾಗಿಂದು ಕಸಗೊಳ್ಳಾಂಗೂ ಇಲ್ಲ.”

ಮರು ಸೋಮವಾರ ಅವನ ರಜೆ. ಇಬ್ಬರೂ ಊರಿಗೆ ಹೋದೆವು. ಬದನೆಕಾಯಿಯ ಹೆಂಗಸು ಮುಂದೆ ನಡೆದಳು, ಕೈಕಾಲು ತೊಳೆದುಕೊಂಡೇ ಒಳಗೆ ಬರಬೇಕೆಂದಳು. ಅವಳ ಮನೆಯ ಜಗಲಿಯ ಮೇಲೆ, ಲಿಂಗದ ಪಕ್ಕದಲ್ಲಿ ಒಂದು ಹಿತ್ತಾಳೆಯ ತಟ್ಟೆ, ತಟ್ಟೆಯಲ್ಲಿ ದಾರ ಕಟ್ಟಿದ ಟಿಕೇಟಿನ ಕಟ್ಟು. ವರ್ಷಗಟ್ಟಲೆಯ ಸೋಮವಾರಗಳು. ಕೆಳಗಿನವು ಎಣ್ಣೆ ಕುಡಿದು ಕಪ್ಪಾಗಿದ್ದವು, ಮೇಲಿನವುಗಳ ಸಂಖ್ಯೆ ಓದಲು ಬರುತ್ತಿತ್ತು. ಕೈ ಹಾಕಲು ನನಗೂ ಹಿಂಜರಿಕೆಯಾಯಿತು. ನಾನು ಮುಟ್ಟುವುದಿಲ್ಲ, ನೀವೇ ಒಂದೊಂದನ್ನು ಎತ್ತಿ ಹಿಡಿಯಿರಿ, ನಾನು ಸಂಖ್ಯೆ ಬರೆದುಕೊಳ್ಳುತ್ತೇನೆ ಎಂದೆ. ಅವಳು ಹಾಗೆಯೇ ಮಾಡಿದಳು. ಓದಲು ಬಾರದವಳು ಒಂದೊಂದು ಟಿಕೇಟಿಗೂ ಆ ದಿನದ ಸುದ್ದಿ ಹೇಳುತ್ತಿದ್ದಳು: ಇದು ಮಗಳ ಹೆರಿಗೆ ಮುಗಿದ ವಾರದ್ದು, ಇದು ಬೆಣ್ಣೆ ಕೆಟ್ಟ ದಿನದ್ದು. ಹೆರಿಗೆಯ ಟಿಕೇಟಿನ ಮೇಲಿನ ತಾರೀಕನ್ನು ಮೊಮ್ಮಗನ ಜನನದ ಚೀಟಿಯೊಂದಿಗೆ ಹೋಲಿಸಿ ನೋಡಿದೆ. ಸರಿಯಾಗಿತ್ತು. ನನಗಿಂತ ಆಕೆಯ ನೆನಪು ಗಟ್ಟಿ.

ಹದಿನೇಳು ಮನೆ ಮುಗಿಸುವಷ್ಟರಲ್ಲಿ ಸಂಜೆಯಾಯಿತು. ಮರುದಿನ ಕೊಟ್ಟೂರಿನಲ್ಲಿ ಕುಳಿತು ಸಂಖ್ಯೆಗಳನ್ನು ಪುಸ್ತಕದೊಂದಿಗೆ ತಾಳೆ ನೋಡಿದೆ. ಪ್ರತಿ ಸೋಮವಾರದ ಮೊದಲ ಟಿಕೇಟು ಮತ್ತು ಕೊನೆಯ ಟಿಕೇಟಿನ ನಡುವೆ ಜಗಲಿಯ ಸಂಖ್ಯೆಗಳು ಒಂದೊಂದಾಗಿ ಬಂದು ಕುಳಿತವು. ದಾರಿಯಲ್ಲಿ ಮಾಯವಾದವರು ಸಿಕ್ಕರು. ಓದಿನಲ್ಲಿ ಯಾವ ಪರೀಕ್ಷೆಯೂ ನನಗೆ ಕೊಡದ ಸಂತೋಷ ಅದು.

ಮೇಲಧಿಕಾರಿ ಎಲ್ಲವನ್ನೂ ಓದಿದರು. ಮೈಸೂರಿನ ಕಡೆಯವರು, ಸಜ್ಜನರು, ನನ್ನ ಹಿತ ಬಯಸಿದವರು.

“ಪರಿಸ್ಥಿತಿ ಬದಲಾಗಿದೆ, ಹಾಲ್ಟ್ ಕೊಡಬಹುದು ಅಂತ ಬರೀರಿ ಸಾಕು. ತಪ್ಪು ನಿಮ್ಮದೂ ಅಲ್ಲ, ನಮ್ಮದೂ ಅಲ್ಲ, ಪರಿಸ್ಥಿತೀದು. ನಿಮ್ಮ ಸರ್ವಿಸ್ ಪುಸ್ತಕಾನೂ ಶುಭ್ರವಾಗಿರುತ್ತೆ,” ಎಂದರು.

ಎರಡು ದಿನ ಆ ವಾಕ್ಯವನ್ನು ಬರೆದು ನೋಡಿದೆ. ಅದರಲ್ಲಿ ಒಂದು ತೊಡಕಿತ್ತು. ಪರಿಸ್ಥಿತಿ ಬದಲಾಗಿದೆ ಎಂದರೆ ನಮೂನೆ ಸರಿಯಾಗಿತ್ತು ಎಂದಾಗುತ್ತದೆ. ಹಾಲ್ಟ್ ತೆರೆದ ಮೇಲೂ ಅದೇ ನಮೂನೆ, ಅದೇ ಕಾಲಂ, ಅಲ್ಲಿ ಮಾರಿದ ಟಿಕೇಟು ಮಾತ್ರ. ಸೋಮವಾರ ಮತ್ತೆ ಒಂದು. ಆರು ತಿಂಗಳಿಗೆ ಇನ್ನೊಬ್ಬ ಇನ್ಸ್‌ಪೆಕ್ಟರ್ ಬಂದು ಕುರ್ಚಿ ಹಾಕಿಕೊಂಡು ಕುಳಿತು ಮತ್ತೆ ಮುಚ್ಚುತ್ತಾನೆ. ಇಳಿಯುವವರ ಕಾಲಂ ಬರಬೇಕಾದರೆ ಮೊದಲ ಎಣಿಕೆ ತಪ್ಪು ಎಂದು ಯಾರಾದರೂ ಹೇಳಬೇಕು. ಎಣಿಸಿದವನು ನಾನು. ವರದಿಯ ಮೊದಲ ಸಾಲು ಹೀಗೆ ಬರೆದೆ: “ಈ ಸ್ಟೇಷನ್ ಮುಚ್ಚಲು ನಾನು ಕೊಟ್ಟ ವರದಿ ತಪ್ಪು. ನಾನು ಹತ್ತುವವರನ್ನು ಮಾತ್ರ ಎಣಿಸಿದ್ದೆ.” ಮೇಲಧಿಕಾರಿ ಅದನ್ನು ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ಸಹಿ ಮಾಡಿದರು. ಕನ್ನಡಕದ ಸಂಗತಿ ಟಿಪ್ಪಣಿಯಲ್ಲಿಲ್ಲ.

ಎರಡು ಸೋಮವಾರ ಪ್ರಾಯೋಗಿಕವಾಗಿ ಗಾಡಿ ನಿಲ್ಲಿಸಿ ನೋಡಲು ಒಪ್ಪಿಗೆ ಸಿಕ್ಕಿತು. ಮೊದಲನೆಯದು ಸಂಪೂರ್ಣ ಸೋಲು. ಜನ ಇಳಿದರು, ನಾನು ಎಣಿಸಿದೆ, ಗಾರ್ಡ್ ಹಸಿರು ಬಾವುಟ ಬೀಸಿದ. ಇಂಜಿನ್ ಮಾತ್ರ ಕದಲಲಿಲ್ಲ. ಪ್ಲಾಟ್‌ಫಾರ್ಮಿನ ಮುಂದೆ ಏರು ಇತ್ತು, ಶೇಂಗಾ ತುಂಬಿದ ಸರಕು ಡಬ್ಬಿಗಳನ್ನೂ ಗಾಡಿಗೆ ಜೋಡಿಸಿದ್ದರು. ಚಕ್ರ ನಿಂತಲ್ಲೇ ತಿರುಗಿತು, ಜಾರದಿರಲೆಂದು ಹಳಿಗೆ ಮರಳು ಬಿಟ್ಟರು, ಮತ್ತೆ ತಿರುಗಿತು. ಎರಡು ನಿಮಿಷದ ನಿಲುಗಡೆ ಇಪ್ಪತ್ತು ನಿಮಿಷವಾಯಿತು. ಡ್ರೈವರ್ ಗುಂತಕಲ್ ಕಡೆಯವನು, ಈ ದಾರಿಗೆ ಹೊಸಬ. ಇಲ್ಲಿ ನಿಲ್ಲಿಸಲಾಗದೆಂದು ಬರೆದುಕೊಡುವುದಾಗಿ ಹೇಳಿ ಹೋದ. ಮುಂದಿನ ಸೋಮವಾರವೂ ಹೀಗೇ ಆದರೆ ಕಥೆ ಮುಗಿಯಿತು.

ಇದೇ ಏರಿನಲ್ಲಿ ವರ್ಷಾನುಗಟ್ಟಲೆ ಗಾಡಿ ನಿಂತು ಹೊರಟಿತ್ತಲ್ಲ, ಹೇಗೆ? ಪಾಯಿಂಟ್ಸ್‌ಮನ್ನನ್ನು ಕೇಳಿದೆ. ಅವನು ನನ್ನನ್ನು ಹಳಿಯ ಗುಂಟ ಕರೆದುಕೊಂಡು ಹೋಗಿ ಬೇವಿನ ಮರದ ಕೆಳಗೆ ನಿಲ್ಲಿಸಿದ. ಮರಕ್ಕೆ ತುಸು ಮೊದಲೇ ದಿಬ್ಬ ಮುಗಿದು ನೆಲ ಇಳಿಯುತ್ತಿತ್ತು. ಹಳೆಯ ಡ್ರೈವರುಗಳು ಹಲಗೆಯ ಹತ್ತಿರ ನಿಲ್ಲಿಸುತ್ತಿರಲೇ ಇಲ್ಲ. ಅವನು ಮರದ ಬುಡದಲ್ಲಿ ಬಾವುಟ ಹಿಡಿದು ನಿಲ್ಲುತ್ತಿದ್ದ, ಅವನ ತನಕ ಇಂಜಿನ್ ಬರುತ್ತಿತ್ತು. ಇಂಜಿನ್ನೂ ಮುಂದಿನ ಡಬ್ಬಿಗಳೂ ದಿಬ್ಬ ದಾಟಿ ನಿಂತರೆ ಆ ಭಾರವೇ ಗಾಡಿಯನ್ನು ಮುಂದಕ್ಕೆಳೆಯುತ್ತದೆ. ಹಿಂದಿನ ಮೂರು ಡಬ್ಬಿ ಪ್ಲಾಟ್‌ಫಾರ್ಮಿಗೆ ಸಿಗುತ್ತವೆ. ಊರಿನವರು ಕೊಟ್ಟೂರಿನಲ್ಲಿ ಯಾವಾಗಲೂ ಹಿಂದಿನ ಡಬ್ಬಿಗೇ ಹತ್ತುತ್ತಿದ್ದರು. ಇದು ಯಾವ ಕಾಗದದಲ್ಲೂ ಇರಲಿಲ್ಲ. ಮೊದಲೇ ಯಾಕೆ ಹೇಳಲಿಲ್ಲ ಎಂದೆ.

“ನೀವು ಕೇಳಬೇಕಲ್ರಿ,” ಎಂದ.

ಎರಡನೆಯ ಸೋಮವಾರ ಅವನು ರಜೆ ಹಾಕಿ ಬಂದು ಮರದ ಬುಡದಲ್ಲಿ ನಿಂತ. ಡ್ರೈವರನಿಗೆ ನಾನು ಕೊಟ್ಟೂರಿನಲ್ಲೇ ಹೇಳಿ, ಇಂಜಿನ್ನಿನಲ್ಲಿ ಅವನ ಜೊತೆಯೇ ಬಂದೆ. ಪ್ಲಾಟ್‌ಫಾರ್ಮ್ ಹಿಂದೆ ಸರಿಯಿತು, ಹಲಗೆ ಸರಿಯಿತು, ಮರ ಬಂತು, ಬಾವುಟ ಬಂತು. ಗಾಡಿ ನಿಂತಿತು. ನಾನು ಕೆಳಗೆ ಹಾರಿ ಹಿಂದಕ್ಕೆ ಓಡಿದೆ. ಎಣಿಸಿದೆ: ಎಪ್ಪತ್ತೊಂದು. ಕೊನೆಯವಳು ಬದನೆಕಾಯಿಯ ಹೆಂಗಸು, ಬುಟ್ಟಿ ಖಾಲಿ. ಬೆಳಿಗ್ಗೆ ಮೊಣಕಾಲಿಗೆ ಎಕ್ಕೆಯ ಎಲೆ ಕಟ್ಟಿಕೊಂಡು ಎಲ್ಲರ ಜೊತೆ ನಡೆದು ಹೋಗಿದ್ದಳಂತೆ. ಗಾರ್ಡ್ ಸೀಟಿ ಊದಿದ. ಇಂಜಿನ್ ಒಮ್ಮೆ ಉಸಿರೆಳೆದು, ಚಕ್ರ ಜಾರದೆ, ಇಳಿಜಾರಿಗೆ ಸೊಗಸಾಗಿ ಹೊರಟಿತು. ಗಡಿಯಾರ ನೋಡಿದೆ. ಎರಡು ನಿಮಿಷಕ್ಕೆ ಇನ್ನೂ ಹತ್ತು ಸೆಕೆಂಡು ಇತ್ತು. ದೂರ ಹೋಗುವ ತನಕ ಡ್ರೈವರ್ ಇಂಜಿನ್ನಿನ ಸಿಳ್ಳೆ ಕೂಗಿಸುತ್ತಲೇ ಇದ್ದ. ಹಾಗೆ ಕೂಗಿಸಲು ನಿಯಮದಲ್ಲಿ ಅವಕಾಶವಿಲ್ಲ. ನಾನದನ್ನು ಬರೆದುಕೊಳ್ಳಲಿಲ್ಲ.

ಹಾಲ್ಟ್ ಮಂಜೂರಾಯಿತು, ಹಳಿ ಕೀಳುವ ಪ್ರಸ್ತಾವ ಬಿದ್ದುಹೋಯಿತು. ನಮೂನೆಗೆ ‘ಇಳಿದವರು’ ಎಂಬ ಕಾಲಂ ಸೇರಿತು. ಅಷ್ಟರಲ್ಲಿ ನಿವೃತ್ತನಾದ ಪಾಯಿಂಟ್ಸ್‌ಮನ್ನೇ ಟಿಕೇಟು ಏಜೆಂಟನಾದ. ತೆರೆಯುವ ಮುನ್ನ ಒಂದು ಮಾತು ಬಾಕಿ ಇತ್ತು. ಹೊಸ ಟಿಕೇಟಿನ ಮೇಲೆ ಈ ಸ್ಟೇಷನ್ನಿನದೇ ಹೆಸರು ಅಚ್ಚಾಗಿತ್ತು. ಇಳಿದವರು ಅದನ್ನು ಒಪ್ಪಿಸದಿದ್ದರೆ ಹೊಸ ಕಾಲಂಗೆ ಆಧಾರವಿಲ್ಲ. ಮರದ ಕೆಳಗೆ ಜನರನ್ನು ಸೇರಿಸಿ ಇದನ್ನು ಹೇಳಿದೆ. ಜನ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಕೊನೆಗೆ ಬದನೆಕಾಯಿಯ ಹೆಂಗಸು, ಗಾಡಿಯಲ್ಲೇ ಟಿಕೇಟಿಗೆ ವಿಭೂತಿ ಹಚ್ಚಿ ಕೈಮುಗಿದು ಇಳಿಯುವಾಗ ಕೊಡುತ್ತೇವೆ, ಆಗಬಹುದೇ ಎಂದಳು. ಆಗಬಹುದು ಎಂದೆ.

“ಆದ್ರ ತಮ್ಮಾ, ಮೊದಲನೇ ದಿನದ್ದು ನಾ ಕೊಡಾಂಗಿಲ್ಲ. ಅದು ಜಗಲಿಗೆ.”

ಮೊದಲ ಬಾರಿಗೆ ತಮ್ಮಾ ಎಂದಿದ್ದಳು. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ತೆರೆದ ತಿಂಗಳು ಮುಗಿದ ಮೇಲೆ ಮೊದಲ ಟಿಕೇಟಿನ ಚೀಲ ಲೆಕ್ಕಪರಿಶೋಧನೆಯವರಿಗೆ ಹೋಯಿತು. ಹದಿನೈದು ದಿನದಲ್ಲಿ ಅಲ್ಲಿಂದ ಪತ್ರ ಬಂತು. ಟಿಕೇಟುಗಳ ಮೇಲೆ ಬಿಳಿ ಪುಡಿ ಇದೆ, ತಾರೀಕು ಓದಲು ತೊಂದರೆಯಾಗುತ್ತಿದೆ, ಕಾರಣ ತಿಳಿಸಿ. ಇದ್ದದ್ದನ್ನು ಇದ್ದಂತೆ ತಿಳಿಸಿ, ಇನ್ನು ಮುಂದೆ ಟಿಕೇಟಿನ ಹಿಂಬದಿಗೆ ಮಾತ್ರ ಹಚ್ಚುವಂತೆ ಪ್ರಯಾಣಿಕರನ್ನು ಕೋರಲಾಗಿದೆ ಎಂದು ಉತ್ತರ ಬರೆದೆ. ಮೇಲಧಿಕಾರಿ ಒಂದು ಅಕ್ಷರವನ್ನೂ ತಿದ್ದಲಿಲ್ಲ. ಮುಂದಿನ ಚೀಲವನ್ನು ನಾನೇ ಬಿಚ್ಚಿ ನೋಡಿದೆ. ಮುಂದೆ ತಾರೀಕು ಅಚ್ಚುಕಟ್ಟು, ಬೆನ್ನಿಗೆ ಮೂರು ಬೆರಳಿನ ಗೆರೆ.

ಅದೇ ಪತ್ರದಲ್ಲಿ ಇನ್ನೊಂದು ಪ್ರಶ್ನೆಯೂ ಇತ್ತು. ತೆರೆದ ದಿನ ಇಳಿದವರ ಸಂಖ್ಯೆಗೂ ಬಂದ ಟಿಕೇಟಿಗೂ ಒಂದರ ವ್ಯತ್ಯಾಸವಿದೆ. ಏಜೆಂಟನನ್ನು ಕೇಳುವ ಅಗತ್ಯ ಬೀಳಲಿಲ್ಲ. ಅದರ ಎದುರು ಬರೆದೆ: “ಒಂದು ಕಡಿಮೆ. ದೇವರ ಜಗಲಿಯ ಮೇಲಿದೆ.”

ಆ ಸಾಲಿಗೆ ಯಾರೂ ವಿವರಣೆ ಕೇಳಲಿಲ್ಲ. ಇದು ನೆನಪಿನಿಂದ ಹೇಳುತ್ತಿರುವುದಲ್ಲ. ಅವರು ಒಪ್ಪಿ ಸಹಿ ಹಾಕಿದ ಪತ್ರದ ಪ್ರತಿ ನನ್ನ ಮುಂದೆಯೇ ಇದೆ.